ಗೌರಕ್ಕನ ಬೆರಳಿಗೆ ಯಾವ ಕ್ಯಾಮೆರಾ?

ನವೆಂಬರ್ ತಿಂಗಳ ಎರಡನೆಯ ಗುರುವಾರ, ಬೆಳಿಗ್ಗೆ ಆರೂ ಮುಕ್ಕಾಲು. ಸ್ಥಳ: ದೊಡ್ಡಬಳ್ಳಾಪುರ, ನಮ್ಮ ಮನೆಯ ಎದುರು ಸಾಲಿನ ಮೂರನೆಯ ಮನೆ, ಮಗ್ಗದ ಕೋಣೆ. ಹಾಜರಿದ್ದವರು: ಆ ಮನೆಯ ಹಿರಿಯರಾದ ಗೌರಕ್ಕ, ಅವರ ಮಗ ಮಂಜುನಾಥ, ಸೊಸೆ ಶೋಭಾ, ನಾನು, ಮತ್ತು ಬಾಡಿಗೆಗೆ ತಂದ ಎರಡು ಕ್ಯಾಮೆರಾಗಳು. ಎಲ್ಲರ ಸ್ಥಿತಿಯೂ ಸಮಾಧಾನಕರ.

ಹೀಗೆ ಬರೆಯುವುದು ನನ್ನ ಹಳೆಯ ಚಾಳಿ. ಮೂವತ್ತಾರು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು ನಾನು. ಪಾಳಿ ಬದಲಾಗುವಾಗ ದಿನಾಂಕ, ಗಂಟೆ, ಯಾರಿದ್ದರು, ಯಾರು ಹೇಗಿದ್ದಾರೆ ಎಂದು ಪುಸ್ತಕದಲ್ಲಿ ಬರೆಯದೆ ಒಂದು ದಿನವೂ ಮನೆಗೆ ಹೊರಟವಳಲ್ಲ. ನಿವೃತ್ತಿಯಾಗಿ ಎಂಟು ವರ್ಷವಾದರೂ ಸಾರು ಕುದಿಯಲಿಟ್ಟರೆ ಮೊದಲು ಗಡಿಯಾರ ನೋಡುತ್ತೇನೆ. ಯುಗಾದಿಯ ದಿನ ನಮ್ಮ ಯಜಮಾನರು ಎರಡನೆಯ ಹೋಳಿಗೆಗೆ ಕೈ ಚಾಚಿದಾಗ "ಮೊದಲನೇದು ಎಷ್ಟು ಗಂಟೆಗೆ ಆಯ್ತು?" ಎಂದು ಕೇಳಿ ಬೈಸಿಕೊಂಡಿದ್ದೇನೆ.

ಇಂಥ ನಾನು, ತುರ್ತು ವಾರ್ಡಿನಲ್ಲಿ ನಿಂತ ಕಾಲಲ್ಲೇ ತೀರ್ಮಾನ ಮಾಡುತ್ತಿದ್ದವಳು, ವಿಡಿಯೊ ಮಾಡಲು ಕ್ಯಾಮ್‌ಕಾರ್ಡರ್ ಬೇಕೋ ಡಿ.ಎಸ್.ಎಲ್.ಆರ್. ಬೇಕೋ ಎಂದು ನಿಶ್ಚಯಿಸಲಾರದೆ ಮೂರು ವಾರ ಒದ್ದಾಡಿದೆ. ಮಗನ ಜಾತಕಕ್ಕೆ ಹೆಣ್ಣು ಹುಡುಕಿದಾಗಲೂ ಇಷ್ಟು ಒದ್ದಾಡಿರಲಿಲ್ಲ. ಅಷ್ಟು ಮಾಡಿಯೂ ತೀರ್ಮಾನವಾಗದೆ ಕೊನೆಗೆ ಎರಡನ್ನೂ ಒಂದು ದಿನದ ಮಟ್ಟಿಗೆ ಹೊತ್ತು ತಂದೆ. ಅದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತಿದ್ದೇನೆ.

ಕ್ಯಾಮೆರಾ ಬೇಕಾದದ್ದು ಯಾಕೆಂದು ಹೇಳಬೇಕು. ನಮ್ಮ ಬೀದಿಯಲ್ಲಿ ಮನೆಮನೆಗೂ ಮಗ್ಗ. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೂ ಹೂಡಿದ ಎಳೆಗಳು, ನೇಯ್ದು ಮುಗಿಯುವಾಗ ಅದರ ತುದಿಯನ್ನು ಮಗ್ಗದಲ್ಲೇ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಗೆ ಸೇರಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಗಂಟು ಹಾಕುವ ಹಾಗಿಲ್ಲ. ಗಂಟಿದ್ದರೆ ಬಾಚಣಿಗೆಯಂತಿರುವ ಅಚ್ಚಿನ ಹಲ್ಲುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಬೆರಳಿಗೆ ಚೂರು ಬೂದಿ ಸೋಕಿಸಿಕೊಂಡು, ಬರೀ ಹೊಸೆತದಲ್ಲೇ ಎರಡು ರೇಷ್ಮೆ ಎಳೆಗಳನ್ನು ಒಂದು ಮಾಡಬೇಕು. ಒಂದು ಹಾಸಿನಲ್ಲಿ ಇಂಥ ಎಳೆಗಳು ಸಾವಿರಗಟ್ಟಲೆ. ಹೊಲಿಗೆ ಹಾಕುವ ದೊಡ್ಡ ಸರ್ಜನ್ನರ ಪಕ್ಕದಲ್ಲಿ ನಿಂತು ದಾರ ಕೊಟ್ಟವಳು ನಾನು. ಗೌರಕ್ಕನ ಬೆರಳು ನೋಡಿದ ಮೇಲೆ ಆ ಸರ್ಜನ್ನರ ಬಗ್ಗೆ ಇದ್ದ ಗೌರವ ಒಂದು ತೂಕ ಕಡಿಮೆಯಾಗಿದೆ.

ಬೀದಿಯ ಅರ್ಧ ಮಗ್ಗಗಳಿಗೆ ಕೆಚ್ಚುವವರು ಗೌರಕ್ಕನೇ. ಈಗ ಅವರ ಎಡಗೈ ಬೆರಳುಗಳಿಗೆ ಜೋಮು ಹಿಡಿಯುತ್ತಿದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನೇ, ಕೆಲಸ ಬಿಡಿ ಎಂದು ಅವರು ಹೇಳಿದ್ದನ್ನು ದಿನಕ್ಕೆರಡು ಸಲ ನೆನಪಿಸುವವಳೂ ನಾನೇ. ಕೊನೆಗೆ ಗೌರಕ್ಕ ಒಪ್ಪಿಕೊಂಡರು: ಮನೆಯ ಮಗ್ಗಕ್ಕೆ ಬರುವ ಈ ಹಾಸೇ ಕೊನೆಯದು. ಮುಂದೆ ಶೋಭಾ ಕೆಚ್ಚಬೇಕು. ತೊಂದರೆಯೆಂದರೆ ಶೋಭಾ ಸೇರಿಸಿದ ಎಳೆಗಳು ಜಾರುತ್ತಿದ್ದವು. ವರ್ಷದಿಂದ ಕಲಿಯುತ್ತಿದ್ದಳು, ಬೆರಳು ಚುರುಕಾಗಿತ್ತು, ಶ್ರದ್ಧೆಯಿತ್ತು. ಆದರೂ ಹಾಸನ್ನು ಮುಂದಕ್ಕೆ ಎಳೆದಾಗ ಮೂವತ್ತು ನಲವತ್ತು ಎಳೆ ಅಚ್ಚಿನಲ್ಲೇ ಕಳಚಿಕೊಂಡು ನೇತಾಡುತ್ತಿದ್ದವು. ಬೀದಿಯವರು ಬಾಯಿಬಿಟ್ಟು ಏನೂ ಹೇಳಲಿಲ್ಲ, ಕರೆಯುವುದನ್ನು ಮಾತ್ರ ನಿಲ್ಲಿಸಿದರು. ಈ ಕೆಲಸ ಕೈ ಹತ್ತದಿದ್ದರೆ ಅವಳು ಮತ್ತೆ ಬೆಳಗಿನ ವ್ಯಾನು ಹತ್ತಿ ಗಾರ್ಮೆಂಟ್ಸ್‌ಗೆ ಹೋಗಬೇಕು. ಆರು ವರ್ಷ ಹೋಗಿ ಬಿಟ್ಟವಳು. "ಅಲ್ಲಿ ಬಾತ್‌ರೂಮಿಗೆ ಹೋಗೋಕೂ ಟೋಕನ್ ಆಂಟಿ. ಇಲ್ಲಿ ನನ್ ಬೆರಳಿಗೆ ನಾನೇ ಮೇಸ್ತ್ರಿ" ಎಂದು ಒಂದು ಸಲ ಹೇಳಿದ್ದಳು. ಆ ಮಾತು ನನಗೆ ನಾಟಿತ್ತು.

ಗೌರಕ್ಕ ಕಲಿಸಲಿಲ್ಲವೆಂದಲ್ಲ. ಅವರಿಗೆ ಹೇಳಲು ಬರುವುದಿಲ್ಲ. "ಹಿಂಗೆ ಕಣೇ, ಹಿಂಗೆ" ಎನ್ನುತ್ತಾರೆ, ಅಷ್ಟರಲ್ಲಿ ಹತ್ತು ಎಳೆ ಸೇರಿಹೋಗಿರುತ್ತದೆ. "ನಿಧಾನಕ್ಕೆ ತೋರ್ಸಿ ಅತ್ತೆ" ಎಂದರೆ ನೆಟ್ಟಗೆ ಕೂತು ನಿಧಾನಕ್ಕೆ ತೋರಿಸುತ್ತಾರೆ, ಆಗ ಅವರ ಎಳೆಯೂ ಜಾರುತ್ತದೆ. "ನೋಡು, ನಿನ್ ಜೊತೆ ಸೇರಿ ನನಗೂ ಮರ್ತೋಯ್ತು!" ಎಂದು ಸೊಸೆಯ ಮೇಲೆ ರೇಗುತ್ತಾರೆ. ಆಗ ನನಗೆ ಹೊಳೆಯಿತು. ಅವರು ತಮ್ಮ ವೇಗದಲ್ಲೇ ಮಾಡಲಿ, ನಾವು ವಿಡಿಯೊ ಮಾಡಿಕೊಂಡು ನಿಧಾನವಾಗಿ ನೋಡೋಣ. ಫೋನಿನಲ್ಲಿ ಎರಡು ಸಲ ಪ್ರಯತ್ನಿಸಿದೆವು. ಒಂದು ಸಲ ಜಾಗ ಸಾಲದು ಎಂದಿತು, ಇನ್ನೊಂದು ಸಲ ಗೌರಕ್ಕನ ತಮ್ಮ ಘಾಟಿ ಕ್ಷೇತ್ರದಿಂದ ಕರೆ ಮಾಡಿ ಎತ್ತು ಮಾರಿದ ಕಥೆ ಹೇಳಿದ.

ಹೀಗೆ ನಾನು ಬಸ್ ನಿಲ್ದಾಣದ ಹತ್ತಿರದ ಸ್ಟುಡಿಯೊ ನಾಗರಾಜನ ಮೆಟ್ಟಿಲು ಹತ್ತಿದೆ. ನಾಗರಾಜ ಐವತ್ತು ದಾಟಿದ ಮನುಷ್ಯ. ಮದುವೆ ವಿಡಿಯೊ ಮಾಡಿ ಮಾಡಿ, ಯಾರನ್ನು ಕಂಡರೂ ಗದ್ದ ಸ್ವಲ್ಪ ಮೇಲೆತ್ತಿ ಎನ್ನುವ ಕಣ್ಣಿನಿಂದ ನೋಡುತ್ತಾನೆ. ಮೇಜಿನ ಮೇಲೆ ಎರಡನ್ನೂ ಇಟ್ಟ. ಕ್ಯಾಮ್‌ಕಾರ್ಡರ್ ನೀರಿನ ಲೋಟದಷ್ಟು ಉದ್ದ, ಪಕ್ಕದಲ್ಲಿ ಪಟ್ಟಿ. ಕೈ ತೂರಿಸಿದರೆ ಬಿ.ಪಿ. ಪಟ್ಟಿಯಂತೆ ಹಿತವಾಗಿ ಹಿಡಿದುಕೊಂಡಿತು. ಬಾಗಿಲಿನಂತೆ ತೆರೆಯುವ ಪುಟ್ಟ ಪರದೆ. ಒಂದು ಗುಂಡಿ ಒತ್ತಿದರೆ ಶುರು, ಒತ್ತಿದರೆ ನಿಂತಿತು. ಡಿ.ಎಸ್.ಎಲ್.ಆರ್. ಬೇರೆಯೇ ಜಾತಿ. ಮೈತುಂಬ ಗುಂಡಿ, ಮುಂದೆ ದಪ್ಪ ಲೆನ್ಸು, ಎತ್ತಿದರೆ ಮಣಿಕಟ್ಟು ಬಾಗುವಷ್ಟು ಭಾರ, ಮುಖದಲ್ಲಿ ಹೊಸ ಡಾಕ್ಟರರ ಗಾಂಭೀರ್ಯ.

"ಇದನ್ನೇ ತಗೊಳಿ ಮೇಡಂ," ಎಂದು ನಾಗರಾಜ ಡಿ.ಎಸ್.ಎಲ್.ಆರ್. ಕಡೆ ಕೈ ತೋರಿಸಿದ. "ಮಗ್ಗದ ಮನೆ ಅಂದ್ರೆ ಕತ್ಲು. ಕತ್ಲಲ್ಲಿ ಆ ಕ್ಯಾಮ್‌ಕಾರ್ಡರಲ್ಲಿ ಮಾಡಿದ್ರೆ ಚಿತ್ರದ ಮೇಲೆಲ್ಲ ರವೆ ಉದುರಿಸ್ದಂಗೆ ಇರುತ್ತೆ. ಇದ್ರಲ್ಲಿ ಬೆಣ್ಣೆ. ಹಿಂದುಗಡೇದೆಲ್ಲ ಮಂಜು ಮಾಡಿ, ಬೆರಳು ಒಂದನ್ನೇ ಎತ್ತಿ ತೋರ್ಸುತ್ತೆ."

"ಎಷ್ಟು ಹೊತ್ತು ಓಡುತ್ತಪ್ಪಾ?"

"ಅರ್ಧ ಗಂಟೆಗೆ ತಾನಾಗೇ ನಿಲ್ಲುತ್ತೆ. ಮತ್ತೆ ಒತ್ಬೇಕು. ಬಿಸಿ ಆದ್ರೆ ಸ್ವಲ್ಪ ಬಿಡ್ಬೇಕು."

"ಜ್ವರ ಬರುತ್ತೆ ಅನ್ನು."

"ನಿಮ್ ಭಾಷೇಲಿ ಹಂಗೇ ಮೇಡಂ."

ಅಂದು ಒಂದು ಸಂಜೆಗೆಂದು ಡಿ.ಎಸ್.ಎಲ್.ಆರ್. ಮನೆಗೆ ತಂದು ಪರೀಕ್ಷೆ ಮಾಡಿದೆ. ಯಜಮಾನರು ಇಡ್ಲಿ ತಿನ್ನುತ್ತಿದ್ದರು, ಅವರನ್ನೇ ಗುರಿಯಿಟ್ಟೆ. ಟಿ.ವಿ.ಗೆ ಹಾಕಿ ನೋಡಿದರೆ ಚಟ್ನಿಯ ಒಗ್ಗರಣೆಯ ಸಾಸಿವೆ ಒಂದೊಂದೂ ಎಣಿಸುವ ಹಾಗೆ ಕಾಣುತ್ತಿತ್ತು, ಅದರಾಚೆ ಯಜಮಾನರು ಬೆಳ್ಳಗೆ ಮೋಡದಂತೆ ಅಲುಗಾಡುತ್ತಿದ್ದರು. ಅವರು ಬಹಳ ಹೊತ್ತು ನೋಡಿ, "ಸರಿಯಾಗೇ ಬಂದಿದೆ. ನಲವತ್ತು ವರ್ಷದಿಂದ ನಿನ್ನ ಕಣ್ಣಿಗೆ ನಾನು ಹೀಗೇ ತಾನೇ ಕಾಣ್ತಿರೋದು" ಎಂದರು.

ಈ ಮಂಜು ಮಾಡುವ ವಿದ್ಯೆಯ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ಮುಖ್ಯವಾದದ್ದನ್ನು ತೋರಿಸಿ ಉಳಿದದ್ದನ್ನು ಮರೆಸುವುದು ದೊಡ್ಡ ಕಲೆಯಂತೆ. ಇರಬಹುದು. ಆದರೆ ನಮ್ಮ ಕಡೆಯ ಸಮಾರಂಭಗಳಲ್ಲಿ ಹಿಂದುಗಡೆ ಇರುವುದು ಯಾವುದು? ಗೋಡೆಯಲ್ಲ, ಮರವಲ್ಲ, ನೆಂಟರು. ನಾಗರಾಜನೇ ಹೇಳಿದ ಕಥೆ: ಸಮೇತನಹಳ್ಳಿಯ ಒಂದು ಮದುವೆಯಲ್ಲಿ ಧಾರೆಯನ್ನು ಬಹು ಸೊಗಸಾಗಿ ಚಿತ್ರಿಸಿದ್ದನಂತೆ. ಹೆಣ್ಣಿನ ಸೋದರಮಾವ ಹಿಂದೆ ಹೊಸ ಪೇಟ ಸುತ್ತಿಕೊಂಡು ನಿಂತಿದ್ದು ಪೂರ್ತಿ ಮಂಜು. ಆತ ವಿಡಿಯೊ ನೋಡಿ, "ನಾನು ಬಂದಿದ್ದು ಬೇಡವಾಗಿದ್ರೆ ಕರೀಬಾರ್ದಿತ್ತು" ಎಂದು ಎದ್ದುಹೋದನಂತೆ. ಅಂದಿನಿಂದ ನಾಗರಾಜ ಧಾರೆಗೂ ಊಟದ ಪಂಕ್ತಿಗೂ ಕ್ಯಾಮ್‌ಕಾರ್ಡರನ್ನೇ ಒಯ್ಯುತ್ತಾನೆ. ಅದಕ್ಕೆ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಮದುಮಗಳೂ ಸ್ಪಷ್ಟ, ಅವಳ ಹಿಂದೆ ಆಕಳಿಸುವ ದೊಡ್ಡಪ್ಪನೂ ಅಷ್ಟೇ ಸ್ಪಷ್ಟ.

ನಮ್ಮ ಭಾಷೆಯಲ್ಲೂ ಇದಕ್ಕೆ ಸಂಬಂಧಪಟ್ಟ ಒಂದು ಸೂಕ್ಷ್ಮವಿದೆ. ಫೋಟೊವನ್ನು ನಾವು ತೆಗೆಯುತ್ತೇವೆ, ವಿಡಿಯೊವನ್ನು ಮಾಡುತ್ತೇವೆ. ರಕ್ತ ತೆಗೆಯುವುದು, ಮುಳ್ಳು ತೆಗೆಯುವುದು, ಫೋಟೊ ತೆಗೆಯುವುದು: ಒಳಗಿರುವುದನ್ನು ಹೊರಗೆ ತರುವ ಕೆಲಸ, ಕ್ಷಣದಲ್ಲಿ ಮುಗಿಯಬೇಕು, ಇಲ್ಲದಿದ್ದರೆ ನೋಯುತ್ತದೆ. ಮಾಡುವುದು ಹಾಗಲ್ಲ. ಅಡುಗೆ ಮಾಡುವಂತೆ, ಬಾಣಂತನ ಮಾಡುವಂತೆ, ಪಕ್ಕದಲ್ಲಿ ಕೂತು ಹೊತ್ತು ಕಳೆಯಬೇಕು. ಡಿ.ಎಸ್.ಎಲ್.ಆರ್. ಮೂಲತಃ ತೆಗೆಯಲು ಹುಟ್ಟಿದ್ದು, ಆಮೇಲೆ ಮಾಡಲು ಕಲಿತದ್ದು. ಅರ್ಧ ಗಂಟೆಗೊಮ್ಮೆ ಅದು ನಿಂತುಬಿಡುವುದು ತಾನು ಯಾಕೆ ಹುಟ್ಟಿದೆನೆಂದು ನೆನಪಾಗಿ ಇರಬೇಕು.

ಇಷ್ಟೆಲ್ಲ ಯೋಚಿಸಿದರೂ ನಿರ್ಧಾರ ಬರಲಿಲ್ಲ. ಬೆರಳು ಮುಖ್ಯವೆಂದರೆ ಡಿ.ಎಸ್.ಎಲ್.ಆರ್. ಬೇಕು. ದಿನವಿಡೀ ಬಿಡದೆ ಓಡಬೇಕೆಂದರೆ ಕ್ಯಾಮ್‌ಕಾರ್ಡರ್ ಬೇಕು. ಅದಕ್ಕೇ ಗುರುವಾರ ಎರಡೂ ಬಂದವು. ಡಿ.ಎಸ್.ಎಲ್.ಆರ್. ಅನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಗೌರಕ್ಕನ ಬೆರಳಿಗೆ ಹತ್ತಿರವಾಗಿ ನಿಲ್ಲಿಸಿದೆ. ಕ್ಯಾಮ್‌ಕಾರ್ಡರನ್ನು ಮೂಲೆಯ ಬೀರುವಿನ ಮೇಲೆ, ಇಡೀ ಮಗ್ಗ ಕಾಣುವ ಹಾಗೆ, ಕರೆಂಟಿನ ತಂತಿ ಸಿಕ್ಕಿಸಿ ಇಟ್ಟೆ.

ಆರೂ ಐವತ್ತಕ್ಕೆ ಪೂಜೆ. ಹೊಸ ಹಾಸಿನ ಕೆಲಸಕ್ಕೆ ಕೈ ಹಾಕುವ ಮುಂಚೆ ಮಗ್ಗಕ್ಕೂ ಅಲ್ಲಿರುವ ಸಾಮಾನಿಗೂ ಅರಿಶಿನ ಕುಂಕುಮವಿಡುವುದು ಈ ಮನೆಯ ಪದ್ಧತಿ. ನಾನು ತಂತಿ ಸರಿಮಾಡುತ್ತ ಬೆನ್ನು ತಿರುಗಿಸಿದ್ದೆ. ಕರ್ಪೂರ ಆರಿದ ಮೇಲೆ ಎರಡೂ ಗುಂಡಿ ಒತ್ತಿ, ಕೈಕಟ್ಟಿ ಕೂತೆ. ಅರ್ಧ ಗಂಟೆಗೆ ಡಿ.ಎಸ್.ಎಲ್.ಆರ್. ನಿಂತಿತು. ಎದ್ದು ಹೋಗಿ ನೋಡುತ್ತೇನೆ, ಪರದೆಯ ನಡುವೆ ಕೆಂಪಗೆ ಒಂದು ಸೂರ್ಯ! ಗೌರಕ್ಕ ಲೆನ್ಸಿನ ಗಾಜಿನ ನಟ್ಟನಡುವೆ ಕುಂಕುಮವಿಟ್ಟಿದ್ದರು.

"ಗೌರಕ್ಕಾ, ಇದೇನು ಮಾಡಿದ್ರಿ?"

"ಯಾಕೆ ಸಿಸ್ಟರಮ್ಮ? ಹಣೆ ಅದೇ ತಾನೆ?"

"ಅದು ಕಣ್ಣು ಗೌರಕ್ಕ!"

"ಅಯ್ಯೋ ಶಿವನೇ, ಕಣ್ಣಿಗೇ ಇಟ್ಬಿಟ್ನಾ! ಉರಿ ಗಿರಿ ಆಯ್ತೇನೋ ಪಾಪ."

ಮಂಜುನಾಥ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಮೆತ್ತನೆಯ ಬಟ್ಟೆಯಲ್ಲಿ, ಕಣ್ಣಿನ ಆಪರೇಷನ್ ಆದವರಿಗೆ ಮಾಡುವಷ್ಟು ಹುಷಾರಾಗಿ, ಒಳಗಿನಿಂದ ಹೊರಕ್ಕೆ ಒರೆಸಿದೆ. ನಾಗರಾಜನಿಗೆ ಈ ವಿಷಯವನ್ನು ಇನ್ನೂ ಹೇಳಿಲ್ಲ. ಅವನು ಲಲಿತ ಪ್ರಬಂಧ ಓದುವವನಲ್ಲ ಎಂಬ ಧೈರ್ಯದಿಂದ ಇಲ್ಲಿ ಬರೆದಿದ್ದೇನೆ.

ಆಮೇಲೆ ಅರ್ಧರ್ಧ ಗಂಟೆಗೆ ಎದ್ದು ಗುಂಡಿ ಒತ್ತುವುದು ನನ್ನ ಕೆಲಸವಾಯಿತು. ಕಷ್ಟವೇನಲ್ಲ, ಆಪರೇಷನ್ ಆದವರ ನಾಡಿಯನ್ನು ಅರ್ಧ ಗಂಟೆಗೊಮ್ಮೆ ನೋಡಿ ಬರೆದವಳಿಗೆ ಅದು ತವರಿನ ಕೆಲಸ. ಅಂಗೈ ಹಿಂಬದಿಯಿಂದ ಮುಟ್ಟಿ ಬಿಸಿಯನ್ನೂ ನೋಡುತ್ತಿದ್ದೆ. ಮೂರನೆಯ ಸಲ ಜ್ವರ ಜಾಸ್ತಿಯೆನಿಸಿ ಫ್ಯಾನಿನ ಕೆಳಗಿಟ್ಟು ಸುಧಾರಿಸಿದೆ. ಬೀರುವಿನ ಮೇಲಿನದನ್ನು ಯಾರೂ ಕೇಳಲಿಲ್ಲ, ನೋಡಲಿಲ್ಲ. ಕೆಂಪು ದೀಪ ಹೊತ್ತಿಸಿಕೊಂಡು ತನ್ನ ಪಾಡಿಗೆ ಡ್ಯೂಟಿ ಮಾಡುತ್ತಿತ್ತು. ಹನ್ನೆರಡೂವರೆಗೆ ಮುಕ್ಕಾಲು ಹಾಸು ಮುಗಿಯಿತು. ಗೌರಕ್ಕ ಬೆರಳು ಮಡಿಸಿ ಬಿಡಿಸಿ, "ಸಾಕು ಕಣಮ್ಮ, ಉಳಿದಿದ್ದು ಊಟ ಆದ್ಮೇಲೆ" ಎಂದರು.

ಊಟದ ಮೇಲೆ ಟಿ.ವಿ. ಮುಂದೆ ಕೂತೆವು. ಮೊದಲು ಡಿ.ಎಸ್.ಎಲ್.ಆರ್. ಹಚ್ಚಿದೆ. ಸುಳ್ಳು ಹೇಳಬಾರದು, ಬೆಣ್ಣೆಯೇ. ಬೂದಿ ಹತ್ತಿದ ಎರಡು ಬೆರಳು, ಅವುಗಳ ನಡುವೆ ಬೆಳಕಿನ ಗೆರೆಯಂತೆ ಒಂದು ಎಳೆ, ಹಿಂದೆಲ್ಲ ಕರಗಿದ ಬಂಗಾರದ ಬಣ್ಣ. ಗೌರಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡರು. "ಇದು ನನ್ ಕೈಯಾ? ಲೇ ಶೋಭಾ, ನನ್ ಕೈ ಇಷ್ಟ್ ಚೆನ್ನಾಗೈತಾ?"

"ನಾನೆಲ್ಲಮ್ಮಾ?" ಎಂದ ಮಂಜುನಾಥ. ಬೆಳಗಿನಿಂದ ಅವನು ಹಿಂದೆ ನಿಂತು ಹಾಸು ಬಿಡಿಸಿಕೊಡುತ್ತಿದ್ದ.

"ಅಗೋ, ಆ ಹಸಿರು ಮಂಜೇ ನೀನು. ಹೆಸರಿಗೆ ತಕ್ಕಂಗೆ ಬಂದಿದೀಯಾ ಬಿಡು," ಎಂದರು ಗೌರಕ್ಕ.

ಶೋಭಾ ಮಾತ್ರ ನಗಲಿಲ್ಲ. ನಿಧಾನಗತಿಯಲ್ಲಿ ನಾಲ್ಕು ಸಲ ನೋಡಿದಳು. ಹೆಬ್ಬೆರಳು ಹೊರಕ್ಕೆ, ತೋರುಬೆರಳು ಒಳಕ್ಕೆ, ಹೊಸೆತ, ಮಡಿಕೆ. "ನಾನೂ ಹಿಂಗೇ ಮಾಡ್ತೀನಲ್ಲ ಆಂಟಿ. ಒಂಚೂರೂ ಬೇರೆ ಇಲ್ಲ," ಎಂದು ಮುಖ ತಿರುಗಿಸಿಕೊಂಡಳು. ಕಣ್ಣಲ್ಲಿ ನೀರಿತ್ತು. ಗೊತ್ತಿಲ್ಲದ್ದನ್ನು ಕಲಿಯಬಹುದು. ಎಲ್ಲ ಸರಿಯಾಗಿ ಮಾಡಿಯೂ ಎಳೆ ಜಾರಿದರೆ ಯಾರನ್ನು ಕೇಳುವುದು? ಅವಳ ಮುಖದಲ್ಲಿ ಬೆಳಗಿನ ವ್ಯಾನು ಬಂದು ನಿಂತಂತೆ ಕಂಡಿತು.

ಕರ್ತವ್ಯಕ್ಕೆಂದು ಕ್ಯಾಮ್‌ಕಾರ್ಡರ್ ಹಚ್ಚಿದೆ. ನಾಗರಾಜ ಹೇಳಿದಂತೆಯೇ ಚಿತ್ರದ ಮೇಲೆ ರವೆ. ಮಗ್ಗ, ಮಂಜುನಾಥ, ಕ್ಯಾಲೆಂಡರು, ಮೂಲೆಯ ಪೊರಕೆ, ಗೋಡೆಗೊರಗಿ ಕೂತ ನಾನು (ಇಷ್ಟು ದಪ್ಪಗಿದ್ದೇನೆಂದು ತಿಳಿದಿರಲಿಲ್ಲ), ಎಲ್ಲ ಒಂದೇ ಸಮನೆ ಸ್ಪಷ್ಟ. ಗೌರಕ್ಕ ಮದುವೆಮನೆಯಲ್ಲಿ ಕೂತಂತೆ ನೆಟ್ಟಗೆ ಕೂತಿದ್ದಾರೆ. ನಾನು ಗುಂಡಿ ಒತ್ತಲು ಎದ್ದಾಗಲೆಲ್ಲ ಸೆರಗು ಸರಿಮಾಡಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಬಿಳಿ ಸೀರೆ ಕಂಡೊಡನೆ ಬಿ.ಪಿ. ಏರುವವರಿದ್ದರು. ಅವರ ಮೊದಲ ಲೆಕ್ಕವನ್ನು ನಾವು ನಂಬುತ್ತಿರಲಿಲ್ಲ, ಸ್ವಲ್ಪ ಹೊತ್ತು ಕೂರಿಸಿ, ನಮ್ಮನ್ನು ಮರೆಯಲು ಬಿಟ್ಟು ಆಮೇಲೆ ನೋಡುತ್ತಿದ್ದೆವು. ಅದು ನೆನಪಾಗಿ ಚಿತ್ರವನ್ನು ಮುಂದಕ್ಕೆ ಓಡಿಸಿದೆ. ಡಿ.ಎಸ್.ಎಲ್.ಆರ್. ಜ್ವರ ಬಂದು ಫ್ಯಾನಿನ ಕೆಳಗೆ ಮಲಗಿದ್ದ ಹೊತ್ತು ಅದು. ಎದುರು ಯಾವ ಕಣ್ಣೂ ಇಲ್ಲ. ಗೌರಕ್ಕ ಸೆರಗು ಮರೆತಿದ್ದರು, ನನ್ನನ್ನು ಮರೆತಿದ್ದರು, ಏನೋ ಗುನುಗುತ್ತಿದ್ದರು.

"ನಿಲ್ಸಿ ಆಂಟಿ! ಹಿಂದಕ್ಕೆ ಹಾಕಿ," ಎಂದಳು ಶೋಭಾ. ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಬೆರಳನ್ನು ನೋಡುತ್ತಿರಲಿಲ್ಲ. "ಅತ್ತೆ, ನೀವ್ಯಾಕೆ ಹಿಂದಕ್ಕೆ ವಾಲ್ತಿದೀರಾ?"

ನಿಜ. ಒಂದೊಂದು ಹೊಸೆತಕ್ಕೂ ಗೌರಕ್ಕನ ಸೊಂಟ ಒಂದೇ ಒಂದು ಬೆರಳಗಲ ಹಿಂದಕ್ಕೆ ಹೋಗಿ ಬರುತ್ತಿತ್ತು.

"ಅದಾ? ಅದು ಸೊಂಟ ನೋವು ಕಣೇ."

ಸೊಂಟ ನೋವನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಅದಕ್ಕೆ ಇಂಥ ತಾಳ ಇರುವುದಿಲ್ಲ. ಮೈ ಹಿಂದಕ್ಕೆ ಹೋದಾಗ ಎಳೆ ಬಿಗಿಯಾಗುತ್ತಿತ್ತು, ಬಿಗಿಯಾದ ಎಳೆಯ ಮೇಲೆ ಹೊಸೆತ ಕಚ್ಚಿಕೊಳ್ಳುತ್ತಿತ್ತು. ಶೋಭಾ ಎಳೆ ಚೆನ್ನಾಗಿ ಕಾಣಲೆಂದು ಮುಂದಕ್ಕೆ ಬಾಗಿ ಕೆಚ್ಚುವವಳು. ಅವಳ ಎಳೆ ಸಡಿಲ. ಸೊಸೆಗೆ ತೋರಿಸಲೆಂದು ನೆಟ್ಟಗೆ ಕೂತಾಗ ಅತ್ತೆಯ ಎಳೆಯೂ ಸಡಿಲ. ವರ್ಷವಿಡೀ ಇಬ್ಬರೂ ಬೆರಳನ್ನೇ ನೋಡಿದ್ದರು, ಕೆಲಸ ನಡೆಯುತ್ತಿದ್ದದ್ದು ಸೊಂಟದಲ್ಲಿ.

"ನಾನ್ ಹಂಗ್ ಮಾಡ್ತೀನಾ?" ಗೌರಕ್ಕ ಟಿ.ವಿ.ಯಲ್ಲಿದ್ದ ಹೆಂಗಸನ್ನು ಬೇರೆ ಯಾರನ್ನೋ ನೋಡುವಂತೆ ನೋಡಿದರು. "ನನಗೇ ಗೊತ್ತಿರ್ಲಿಲ್ಲ ನೋಡು."

ಮೂರು ಗಂಟೆಗೆ ಶೋಭಾ ಮಗ್ಗದ ಮುಂದೆ ಕೂತಳು. ಉಳಿದ ಕಾಲು ಹಾಸು ಅವಳದು. ಎರಡೂ ಕ್ಯಾಮೆರಾ ಆರಿಸಿ ಚೀಲಕ್ಕೆ ಹಾಕಿದೆ. ಅವಳ ಮೇಲೆ ಯಾರ ಕಣ್ಣೂ ಬೇಡ. ಅಷ್ಟರಲ್ಲಿ ನಾಗರಾಜನ ಫೋನು: "ಯಾವ್ದು ಚೆನ್ನಾಗ್ ಬಂತು ಮೇಡಂ?" ಚೆನ್ನಾಗಿ ಬಂದದ್ದು ಡಿ.ಎಸ್.ಎಲ್.ಆರ್., ಉಪಯೋಗಕ್ಕೆ ಬಂದದ್ದು ಕ್ಯಾಮ್‌ಕಾರ್ಡರ್ ಎಂದೆ. ಗೌರಕ್ಕ ತಮ್ಮ ಕೈಯ ಚಿತ್ರವನ್ನು ಫೋನಿಗೆ ಹಾಕಿಸಿಕೊಂಡು ಬೀದಿಯಲ್ಲಿ ಆಗಲೇ ನಾಲ್ಕು ಮನೆಗೆ ತೋರಿಸಿ ಬಂದಿದ್ದರು. ಆದ್ದರಿಂದ ನನ್ನನ್ನು ಕೇಳುವವರಿಗೆ ನನ್ನ ಸಲಹೆ ಇಷ್ಟೇ: ಯಾವುದು ಮುಖ್ಯವೆಂದು ನಿಮಗೆ ಮೊದಲೇ ಖಚಿತವಾಗಿ ಗೊತ್ತಿದ್ದರೆ ಡಿ.ಎಸ್.ಎಲ್.ಆರ್. ಕೊಳ್ಳಿ. ನನ್ನ ಹಾಗೆ, ಗೊತ್ತಿದೆ ಎಂದುಕೊಂಡಿದ್ದರೆ, ಕ್ಯಾಮ್‌ಕಾರ್ಡರ್ ಸಾಕು.

ಆರು ಗಂಟೆಗೆ ಕೆಚ್ಚುವುದು ಮುಗಿಯಿತು. ಇನ್ನು ಎಳೆದು ನೋಡಬೇಕು. ಮಂಜುನಾಥ ಹಾಸನ್ನು ಅಂಗುಲ ಅಂಗುಲವಾಗಿ ಮುಂದಕ್ಕೆ ಎಳೆದ. ಹೊಸೆತಗಳ ಸಾಲು ಅಚ್ಚಿನ ಹಲ್ಲುಗಳನ್ನು ದಾಟತೊಡಗಿತು. ಶೋಭಾ ಸೇರಿಸಿದ ಕಡೆ ಎರಡು ಎಳೆ ಕಳಚಿ ನೇತಾಡಿದವು. ಎರಡೇ! ಅವಳು ಬಗ್ಗಿ ಮತ್ತೆ ಎಣಿಸಿದಳು. ಆಮೇಲೆ ಮಂಜುನಾಥ ಇನ್ನೊಂದು ತುದಿಗೆ ಬಗ್ಗಿ, ತಲೆಯೆತ್ತದೆ, "ಅಮ್ಮಾ" ಎಂದ.

ಬೆಳಿಗ್ಗೆ ಮೊದಲ ಗಂಟೆಯಲ್ಲಿ ಗೌರಕ್ಕ ಕ್ಯಾಮೆರಾ ಮುಂದೆ ನೆಟ್ಟಗೆ ಕೂತು ಸೇರಿಸಿದ ಕಡೆ ಏಳು ಎಳೆ ಜಾರಿದ್ದವು.

"ಅದು ನಾನ್ ಕೆಚ್ಚಿದ್ದಲ್ಲ," ಎಂದರು ಗೌರಕ್ಕ ತಕ್ಷಣ. "ಅದು ಆ ಟಿ.ವಿ.ಯವಳು ಕೆಚ್ಚಿದ್ದು!" ಎಲ್ಲರಿಗಿಂತ ಮೊದಲು ಅವರೇ ನಕ್ಕರು. ಮಂಜುನಾಥ ಬೂದಿಯ ಬಟ್ಟಲನ್ನು ಅವರ ಕಡೆ ಸರಿಸಿದ. ಅವರು ಅದರಲ್ಲಿ ಬೆರಳು ಅದ್ದಲಿಲ್ಲ. ಬಟ್ಟಲನ್ನು ಎತ್ತಿ ಸೊಸೆಯ ಪಕ್ಕದಲ್ಲಿಟ್ಟರು.

"ಅವನ್ನೂ ನೀನೇ ಸರಿಮಾಡಮ್ಮ. ನನ್ ಸೊಂಟ ನೋಯ್ತೈತೆ."

ಶೋಭಾ ತನ್ನ ಎರಡನ್ನು ಮೊದಲು ಸೇರಿಸಿದಳು, ಆಮೇಲೆ ಅತ್ತೆಯ ಏಳನ್ನು ಒಂದೊಂದಾಗಿ. ಪ್ರತಿ ಎಳೆಗೂ ಒಂದು ಬೆರಳಗಲ ಹಿಂದಕ್ಕೆ ವಾಲುತ್ತಿದ್ದಳು. ಏಳನೆಯದು ಸೇರಿದಾಗ ಆರೂ ನಲವತ್ತು.